ಪಟ್ಟಿಯಿಲ್ಲದ ವರ್ಷದ ಹಾಡುಗಳು

1973ರಲ್ಲಿ ಜಪಾನಿನಲ್ಲಿ ಗೆದ್ದ ಹಾಡು ಯಾವುದೆಂದು ಕೇಳಿದರೆ ಉತ್ತರ ಸಿದ್ಧವಿದೆ. ಅಲ್ಲಿನ ಒರಿಕಾನ್ ಸಂಸ್ಥೆ 1968ರಿಂದ ರೆಕಾರ್ಡುಗಳ ಮಾರಾಟ ನೋಡಿ ವಾರವಾರವೂ ಪಟ್ಟಿ ಹೊರಡಿಸುತ್ತಿತ್ತು. ಪಿಂಕಾರಾ ತ್ರಯರ ‘ಒನ್ನಾ ನೊ ಮಿಚಿ’ 1972, 1973 ಎರಡೂ ವರ್ಷ ಅದರ ವಾರ್ಷಿಕ ಪಟ್ಟಿಯ ತುದಿಯಲ್ಲಿತ್ತು. ಆದರೆ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಧರ್ಮಪುರದಂಥ ಹೋಬಳಿಗಳು ಆ ವರ್ಷ ಕೇಳಿದ ಕನ್ನಡ ಹಾಡುಗಳಿಗೆ ಅಂಥ ಲೆಕ್ಕವನ್ನು ಯಾರೂ ಇಡಲಿಲ್ಲ. ಹಾಡುಗಳಿಗೇನೂ ಬರವಿರಲಿಲ್ಲ.

‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರ್ ಕೊನೆಗೆ. ಹಾಗಾಗಿ ಅದರ ಹಾಡುಗಳು ಊರೂರು ಸುತ್ತಿದ್ದು 1973ರಲ್ಲಿ. ಕಾದಂಬರಿ ತಳುಕಿನ ಮನೆತನದ ತ.ರಾ.ಸು. ಅವರದು, ನಿರ್ದೇಶನ ಪುಟ್ಟಣ್ಣ ಕಣಗಾಲರದು, ಸಂಗೀತ ವಿಜಯಭಾಸ್ಕರ್, ತೆರೆಯ ಮೇಲೆ ಕಾಣುವ ಬಂಡೆಗಳು ಚಿತ್ರದುರ್ಗದವು. ಅದರಲ್ಲಿ ಒನಕೆ ಓಬವ್ವನ ಕಥೆಗೆ ಮೀಸಲಾದ ಹಾಡೊಂದಿದೆ. ಕೋಟೆಯ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುವ ಹೈದರಾಲಿಯ ಸೈನಿಕರು, ಒನಕೆ ಎತ್ತಿ ನಿಂತ ಜಯಂತಿ, ಹಿನ್ನೆಲೆಯಲ್ಲಿ ಪಿ.ಬಿ. ಶ್ರೀನಿವಾಸ್ ದನಿ. ದುರ್ಗದ ಸೀಮೆ ತನ್ನದೆಂದು ಹೇಳಿಕೊಳ್ಳುತ್ತಿದ್ದ ಹೆಣ್ಣುಮಗಳನ್ನು ಇಡೀ ನಾಡಿನ ಮನೆಮಾತಾಗಿಸಿದ್ದರಲ್ಲಿ ಪಠ್ಯಪುಸ್ತಕಕ್ಕಿಂತ ಈ ಹಾಡಿನ ಪಾಲೇ ದೊಡ್ಡದು. ಈಗ ಪ್ರತಿ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತದೆ.

ಹಾಡು ಹಳ್ಳಿಗೆ ತಲುಪುತ್ತಿದ್ದ ದಾರಿಗಳೇ ಬೇರೆ. ಎಲ್ಲರ ಮನೆಯಲ್ಲೂ ಗ್ರಾಮಫೋನ್ ಎಲ್ಲಿಂದ ಬರಬೇಕು? ಟೆಂಟ್ ಸಿನಿಮಾದವರು ಸಂಜೆ ಗಂಟಸಾಲ ಅವರ ತಿಮ್ಮಪ್ಪನ ತೆಲುಗು ಭಕ್ತಿಗೀತೆ ಹಾಕಿದರೆ ಟಿಕೆಟ್ ಕೊಡಲು ಶುರುವಾಯಿತೆಂದೇ ಅರ್ಥ. ಟೆಂಟಿನ ಬಾಗಿಲಲ್ಲಿ ತೆಳುವಾದ ಹಾಡಿನ ಪುಸ್ತಕ ಸಿಗುತ್ತಿತ್ತು. ಅದರಲ್ಲಿ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಅಚ್ಚು ಹಾಕಿರುತ್ತಿದ್ದರು. ಮದುವೆ, ಜಾತ್ರೆಗಳಲ್ಲಿ ಮೈಕ್ ಸೆಟ್ಟಿನವರು ಕಂಬಕ್ಕೆ ಹಾರ್ನ್ ಕಟ್ಟಿ ರೆಕಾರ್ಡ್ ಹಾಕುತ್ತಿದ್ದರು. ಜನ ಮತ್ತೆ ಮತ್ತೆ ಕೇಳಿದ ತಟ್ಟೆಯ ಗೆರೆಗಳು ಸವೆದು ಕರಕರ ಎನ್ನುತ್ತಿದ್ದವು. ಹಿಟ್ ಯಾವುದೆಂದು ಆ ಸವೆತವೇ ಹೇಳುತ್ತಿತ್ತು. ಆಕಾಶವಾಣಿಗೆ ಕೋರಿಕೆಯ ಕಾರ್ಡುಗಳು ಹೋಗುತ್ತಿದ್ದವು. ತಮ್ಮೂರಿನ ಹೆಸರು ರೇಡಿಯೋದಲ್ಲಿ ಬಂದರೆ ಅದೇ ಸಂಭ್ರಮ.

ಆ ವರ್ಷದ ಪೈಪೋಟಿಯೂ ಸಣ್ಣದಲ್ಲ. ರಾಜನ್-ನಾಗೇಂದ್ರ ಸಂಗೀತದ ‘ಗಂಧದ ಗುಡಿ’, ಎಂ. ರಂಗರಾವ್ ಸಂಗೀತದ ‘ಎಡಕಲ್ಲು ಗುಡ್ಡದ ಮೇಲೆ’ ಎರಡೂ 1973ರವೇ. ‘ಗಂಧದ ಗುಡಿ’ಯಲ್ಲೂ ರಾಜ್‌ಕುಮಾರರಿಗೆ ದನಿ ಕೊಟ್ಟವರು ಪಿ.ಬಿ. ಶ್ರೀನಿವಾಸ್. ಕಾಕಿನಾಡದಲ್ಲಿ ಹುಟ್ಟಿದ ಈ ಗಾಯಕನನ್ನು ಕನ್ನಡಿಗರು ರಾಜ್ ಅವರ ಶಾರೀರವೆಂದೇ ಒಪ್ಪಿಕೊಂಡಿದ್ದರು. ಮರುವರ್ಷ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕುಳಿತು ರಾಜ್‌ಕುಮಾರರೇ ಹಾಡಿದರು, ಆ ಹಾಡು ಗೆದ್ದಿತು, ಕ್ರಮೇಣ ಶ್ರೀನಿವಾಸರಿಗೆ ಆ ಅವಕಾಶಗಳು ಕಡಿಮೆಯಾದವು. ಅವರ ಆ ಯುಗದ ಕೊನೆಯ ತುಂಬು ವರ್ಷವಾಗಿ 1973ಕ್ಕೆ ವಿಶೇಷ ಬೆಲೆಯಿದೆ.

ಅಂದಿನ ಮೈಕ್ ಸೆಟ್ಟಿನವರು, ಟೆಂಟಿನ ಆಪರೇಟರುಗಳು ಈಗ ಮುಪ್ಪಿನಲ್ಲಿದ್ದಾರೆ. ಧರ್ಮಪುರದಲ್ಲಾಗಲಿ ನಿಮ್ಮೂರಿನಲ್ಲಾಗಲಿ ಅಂಥವರು ಇದ್ದರೆ, ಯಾವ ಹಾಡನ್ನು ಜನ ಹೆಚ್ಚು ಕೇಳುತ್ತಿದ್ದರೆಂದು ವಿಚಾರಿಸಿ ಬರೆದಿಡಿ. ಅಟ್ಟದ ಮೇಲಿನ ಹಾಡಿನ ಪುಸ್ತಕಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.