ದುರ್ಯೋಧನನ ಕಿರೀಟ ಯಾರ ಅಳತೆಗೆ?

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಪೌರಾಣಿಕ ನಾಟಕಗಳ ಕಾಲ. ನೇಗಿಲು ಹಿಡಿದ ಕೈಗಳೇ ಗದೆ ಹಿಡಿಯುತ್ತವೆ. ದುರ್ಯೋಧನ, ಕೃಷ್ಣರಂಥ ದೊಡ್ಡ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ ಎಂದು ಪಾತ್ರಧಾರಿಗಳೇ ವಂತಿಗೆ ಹಾಕಿ ನಾಟಕ ಕಟ್ಟುವುದು ಇಲ್ಲಿನ ರೂಢಿ. ಹಣ ಕೊಟ್ಟವನಿಗೆ ತನ್ನ ವೇಷದ ಬಗ್ಗೆ ಆಸೆ ಇರುವುದು ಸಹಜ. ಆ ಆಸೆಯನ್ನು ಎಲ್ಲಿಯವರೆಗೆ ನಡೆಸಿಕೊಡಬೇಕು, ಎಲ್ಲಿ ತಡೆಯಬೇಕು ಎಂಬುದು ವೇಷಭೂಷಣ ಒದಗಿಸುವವರ ತಲೆನೋವು. ಇದಕ್ಕೊಂದು ಚರಿತ್ರೆಯೂ ಇದೆ.

ನಾಟಕಕ್ಕಿಂತ ಮೊದಲು ಈ ಭಾಗವನ್ನು ಆಳಿದ್ದು ಮೂಡಲಪಾಯ ಯಕ್ಷಗಾನ. ಕರಾವಳಿ, ಮಲೆನಾಡಿನ ಪಡುವಲಪಾಯಕ್ಕೆ ಎದುರಾಗಿ ಬಯಲುಸೀಮೆಯ ಈ ಆಟಕ್ಕೆ ಆ ಹೆಸರು. ಇದರ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರವಾದ ಮರದಲ್ಲಿ ಕೊರೆದು, ಮೇಲೆ ಬಣ್ಣದ ಬೇಗಡೆ, ಕನ್ನಡಿ ಚೂರು ಅಂಟಿಸುತ್ತಿದ್ದರು. ಮರ ಹಗುರವಾಗಿರಬೇಕಾದುದಕ್ಕೆ ಕಾರಣವಿತ್ತು: ವೇಷ ತೊಟ್ಟವನು ಬೆಳಗಿನವರೆಗೆ ಕುಣಿಯಬೇಕು. ಕನ್ನಡಿಗೂ ಕಾರಣವಿತ್ತು: ಪಂಜಿನ ಬೆಳಕಿನಲ್ಲಿ ದೂರದವರಿಗೂ ವೇಷ ಮಿಂಚಬೇಕು. ಬಹಳಷ್ಟನ್ನು ದಾರದಿಂದ, ಲಾಡಿಯಿಂದ ಬಿಗಿಯುತ್ತಿದ್ದುದರಿಂದ ಒಂದೇ ಸಾಮಗ್ರಿ ಸಣಕಲನಿಗೂ ದಢೂತಿಗೂ ಒಗ್ಗುತ್ತಿತ್ತು. ಅಳತೆ ವ್ಯಕ್ತಿಯದಲ್ಲ, ಪಾತ್ರದ್ದು. ರಾಜವೇಷ ಹೇಗಿರಬೇಕು, ರಾಕ್ಷಸವೇಷ ಹೇಗಿರಬೇಕು ಎಂಬುದನ್ನು ಸಂಪ್ರದಾಯವೇ ತೀರ್ಮಾನಿಸಿದ್ದರಿಂದ ಚೌಕಾಸಿಗೆ ಎಡೆ ಕಡಿಮೆ.

ಈ ಲೆಕ್ಕವನ್ನು ಬದಲಿಸಿದ್ದು ವೃತ್ತಿರಂಗಭೂಮಿ. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ, ಮುಂದೆ ವೀರಣ್ಣನವರ ಕಾಲದಲ್ಲಿ ವೈಭವದ ಮತ್ತೊಂದು ಹೆಸರಾಯಿತು. ಅದರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳೇ ಬಂದವು. ಮಖಮಲ್ಲು, ಜರಿ, ಹೊಳೆಯುವ ಕಿರೀಟ ಕಂಡ ಕಣ್ಣಿಗೆ ಮರದ ಭುಜಕೀರ್ತಿ ಹಳತಾಗಿ ತೋರಿತು. ಊರವರೇ ಕಂಪನಿ ಶೈಲಿಯ ನಾಟಕ ಆಡತೊಡಗಿದಾಗ ಪರದೆ, ದೀಪ, ಉಡುಪು ಎಲ್ಲವನ್ನೂ ಬಾಡಿಗೆಗೆ ಕೊಡುವ ‘ಡ್ರಾಮಾ ಸೀನರಿ’ಗಳು ಹುಟ್ಟಿಕೊಂಡವು. ವೇಷ ಊರಿನ ಸ್ವತ್ತಾಗಿರುವ ಬದಲು ಒಂದು ರಾತ್ರಿಯ ಬಾಡಿಗೆ ಸಾಮಾನಾಯಿತು, ಪಾತ್ರಧಾರಿ ಗಿರಾಕಿಯಾದ.

ಗಿರಾಕಿಯ ಕಣ್ಣಲ್ಲಿ ಬೇರೆ ಚಿತ್ರಗಳೂ ಕೂತಿದ್ದವು. 1977ರಲ್ಲಿ ರಾಜಕುಮಾರ್ ಅವರ ‘ಬಬ್ರುವಾಹನ’ ಬಂತು. ಅದೇ ವರ್ಷ ತೆಲುಗಿನಲ್ಲಿ ಎನ್.ಟಿ. ರಾಮರಾವ್ ಅವರ ‘ದಾನವೀರ ಶೂರ ಕರ್ಣ’ ತೆರೆಕಂಡಿತು. ಆಂಧ್ರವು ಮೂರು ಕಡೆ ಸುತ್ತುವರಿದ ಪಾವಗಡಕ್ಕೆ ಅದು ಪರಭಾಷೆಯದಲ್ಲ. 1988ರಿಂದ 1990ರವರೆಗೆ ದೂರದರ್ಶನದ ‘ಮಹಾಭಾರತ’ ಮನೆಯೊಳಗೇ ಬಂತು. ಕ್ಯಾಮೆರಾ ಹತ್ತಿರದಿಂದ ತೋರುವ ಕುಸುರಿ, ಐವತ್ತು ಅಡಿ ದೂರದ ಪ್ರೇಕ್ಷಕನಿಗೆ ಕಾಣದು. ಪದೇ ಪದೇ ಕಿರೀಟ ಸರಿಪಡಿಸಿಕೊಳ್ಳುವ ಅವಕಾಶ ರಂಗದ ಮೇಲಿಲ್ಲ. ಗಿರಾಕಿಗೆ ಇದನ್ನು ಮೊದಲೇ ತಿಳಿಹೇಳದಿದ್ದರೆ ಬಣ್ಣ ಹಚ್ಚುವ ಹೊತ್ತಿಗೆ ಜಗಳ ಖಂಡಿತ.

ಇಕ್ಕಟ್ಟಿನ ತುದಿ ಕಾಣುವುದು ‘ಕುರುಕ್ಷೇತ್ರ’ದಲ್ಲೇ. ಆಸಕ್ತರು ಹೆಚ್ಚಾದಾಗ ಒಂದೇ ಪಾತ್ರವನ್ನು ಹಂಚುತ್ತಾರೆ: ಒಂದನೇ ಕೃಷ್ಣ, ಎರಡನೇ ಕೃಷ್ಣ. ಇಬ್ಬರೂ ಹಣ ಕೊಟ್ಟವರೇ, ಇಬ್ಬರಿಗೂ ತಾನೇ ಚೆನ್ನಾಗಿ ಕಾಣಬೇಕೆಂಬ ಹಂಬಲ. ಆದರೆ ದೃಶ್ಯ ಬದಲಾಗಿ ಬೇರೆ ಮುಖ ಬಂದಾಗಲೂ ಪ್ರೇಕ್ಷಕನಿಗೆ ಅದೇ ಕೃಷ್ಣನೆಂದು ಗೊತ್ತಾಗಬೇಕಾದರೆ ನವಿಲುಗರಿ, ಪೀತಾಂಬರಗಳೇ ಗತಿ. ಅಲ್ಲಿ ಗಿರಾಕಿಯ ಇಷ್ಟ ನಿಂತು ಪಾತ್ರದ ಹಕ್ಕು ಶುರುವಾಗುತ್ತದೆ. ಕೈಯ ಅಂದಾಜಿಗೆ, ತಲೆಯ ಸುತ್ತಳತೆಗೆ, ಹೆಚ್ಚುವರಿ ಹಾರಕ್ಕೆ ಒಪ್ಪಬಹುದು, ಕೃಷ್ಣನ ಬಣ್ಣಕ್ಕಲ್ಲ.

ಮೂಡಲಪಾಯವನ್ನು ಅಧ್ಯಯನ ಮಾಡಿ, ಅದಕ್ಕೆ ಮರುಜೀವ ಕೊಡಲು ದುಡಿದವರಲ್ಲಿ ಜೀ.ಶಂ. ಪರಮಶಿವಯ್ಯನವರು ಪ್ರಮುಖರು. ಆ ಮರದ ಭುಜಕೀರ್ತಿಗಳು ಅಪರೂಪವಾದದ್ದು ಕೊರೆಯುವ ಕೈ ಕಡಿಮೆಯಾದುದರಿಂದ ಮಾತ್ರವಲ್ಲ, ಬೇಕೆಂದು ಕೇಳುವ ಬಾಯಿ ಕಡಿಮೆಯಾದುದರಿಂದಲೂ ಹೌದು. ಗಿರಾಕಿ ಕೇಳಿದ್ದನ್ನೆಲ್ಲ ಕೊಟ್ಟರೆ ವೇಷ ಕಳೆಯುತ್ತದೆ. ಏನೂ ಕೊಡದಿದ್ದರೆ ಆಟವೇ ನಿಲ್ಲುತ್ತದೆ. ಈ ಎರಡರ ನಡುವೆ ದಾರಿ ಹುಡುಕುತ್ತಲೇ ದುರ್ಯೋಧನ ಇಂದಿಗೂ ಈ ಸೀಮೆಯಲ್ಲಿ ರಂಗಕ್ಕೆ ಬರುತ್ತಿದ್ದಾನೆ.