ಹೊಸ ಕಾರಿನ ಬೆಲೆಯೂ ಚೌಕಾಸಿಯೂ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಕೊಳ್ಳುವವನೂ ದಲ್ಲಾಳಿಯೂ ಒಂದು ಟವೆಲಿನ ಮರೆಯಲ್ಲಿ ಪರಸ್ಪರರ ಬೆರಳುಗಳನ್ನು ಹಿಡಿದು, ಬಾಯಿಂದ ಒಂದು ಮಾತನ್ನೂ ಆಡದೆ, ಜೋಡಿ ಎತ್ತುಗಳ ಬೆಲೆಯನ್ನು ಏರಿಸಿ ಇಳಿಸಿ ಗೊತ್ತುಮಾಡುವ ಪದ್ಧತಿಯನ್ನು ತಲೆತಲಾಂತರದಿಂದ ಕಂಡುಬಂದಿರುವ ನಮ್ಮ ಜನಕ್ಕೆ ಚೌಕಾಸಿಯೆಂಬುದು ಹೊಸದಾಗಿ ಕಲಿಯಬೇಕಾದ ವಿದ್ಯೆಯೇನೂ ಅಲ್ಲ. ಆದರೂ ಸೊಪ್ಪಿಗೂ ಸೀರೆಗೂ ಬಿಡದೆ ಚೌಕಾಸಿ ಮಾಡಿದ ಇದೇ ಗೃಹಸ್ಥನು, ಸ್ವಾತಂತ್ರ್ಯಾನಂತರದ ಸುಮಾರು ಐದು ದಶಕಗಳ ಕಾಲ, ಹೊಸ ಮೋಟಾರು ಕಾರನ್ನು ಮಾರುವವನ ಮುಂದೆ ಮಾತ್ರ ಕೈಕಟ್ಟಿ ನಿಂತನು. ಇಂದು ಷೋರೂಮಿನ ಮೆತ್ತನೆಯ ಕುರ್ಚಿಯಲ್ಲಿ ಕುಳಿತು, ಅವರು ತಂದಿತ್ತ ಕಾಫಿಯನ್ನು ಹೀರುತ್ತ, “ಇನ್ನೆಷ್ಟು ಬಿಡ್ತೀರಿ?” ಎಂದು ನಿಸ್ಸಂಕೋಚವಾಗಿ ಕೇಳುವ ಪರಿಪಾಠಕ್ಕೆ ಒಂದು ತಲೆಮಾರಿನ ವಯಸ್ಸಷ್ಟೆ.

ಬ್ರಿಟಿಷರ ಕಾಲದಲ್ಲಿ ಕಾರು ಶ್ರೀಮಂತರ ಸೊತ್ತಾಗಿದ್ದರೂ ಆಯ್ಕೆಗೆ ಕೊರತೆಯಿರಲಿಲ್ಲ. ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿಯೇ ಮುಂಬಯಿಯಲ್ಲಿ ಗಾಡಿಗಳನ್ನು ಜೋಡಿಸತೊಡಗಿತ್ತು. ಮೈಸೂರು ಸಂಸ್ಥಾನದಲ್ಲಿ ಸ್ವದೇಶೀ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರೂ ವಾಲಚಂದ್ ಹೀರಾಚಂದರೂ ಪಟ್ಟ ಪರಿಶ್ರಮವು ಅಂದಿನ ಭಾರತ ಸರ್ಕಾರದ ಒತ್ತಾಸೆಯಿಲ್ಲದೆ ನಿಷ್ಫಲವಾಯಿತು. 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂದಿತೇ ಹೊರತು ಕಾರು ಬರಲಿಲ್ಲ. ವಾಲಚಂದರ ಪ್ರೀಮಿಯರ್ ಕಂಪನಿಯು 1944ರಲ್ಲಿ ಮುಂಬಯಿಯಲ್ಲಿ ಜನ್ಮ ತಳೆಯಿತು. 1953ರಲ್ಲಿ, ಇಲ್ಲಿಯೇ ಬಿಡಿಭಾಗಗಳನ್ನು ತಯಾರಿಸಲೊಪ್ಪದ ಕಂಪನಿಗಳಿಗೆ ಎಡೆಯಿಲ್ಲವೆಂದು ಸರ್ಕಾರವು ವಿಧಿಸಲಾಗಿ, ಕೇವಲ ಜೋಡಣೆಯಲ್ಲಿ ತೊಡಗಿದ್ದ ವಿದೇಶೀಯರು ಗಂಟುಮೂಟೆ ಕಟ್ಟಿದರು. ಉಳಿದವರೆಂದರೆ ಅಂಬಾಸಿಡರ್, ಫಿಯಟ್ ಮತ್ತು ಸ್ಟ್ಯಾಂಡರ್ಡ್ ಗಾಡಿಗಳ ತಯಾರಕರು.

ಮೂರೇ ಅಂಗಡಿಗಳಿರುವ ಪೇಟೆಯಲ್ಲಿ ಗಿರಾಕಿಯ ಮಾತಿಗೆ ಏನು ಬೆಲೆ? ಅದಕ್ಕೂ ಮಿಗಿಲಾಗಿ, ಮಾರಾಟದ ಕ್ರಮವನ್ನೇ ಸರ್ಕಾರವು 1959ರ ನಿಯಂತ್ರಣಾಜ್ಞೆಯೊಂದರ ಮೂಲಕ ತನ್ನ ಕೈಗೆ ತೆಗೆದುಕೊಂಡಿತು. ಹೆಸರು ನೋಂದಾಯಿಸಬೇಕು, ಸರದಿಗಾಗಿ ಕಾಯಬೇಕು. ಗಾಡಿ ಕೈಸೇರಿದ ಮೇಲೂ ಗೊತ್ತಾದ ಅವಧಿಯವರೆಗೆ ಪರವಾನಗಿಯಿಲ್ಲದೆ ಅದನ್ನು ಮಾರಕೂಡದು. 1969ರಲ್ಲಿ ಬೆಲೆಯನ್ನೂ ಸರ್ಕಾರವೇ ಗೊತ್ತುಮಾಡಿತು; ಆ ಬೆಲೆಯು ತೀರ ಕಡಮೆಯೆಂದು ತಯಾರಕರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಕೊಳ್ಳುವವನ ಹಿತಕ್ಕಾಗಿ ಹುಟ್ಟಿದ ಈ ಕಟ್ಟಳೆಯಿಂದ ಅವನಿಗೆ ದೊರೆತ ಪ್ರಯೋಜನ ಎಷ್ಟೆಂಬುದನ್ನು ಆ ಕಾಲದವರೆಲ್ಲ ಬಲ್ಲರು: ಫಿಯಟ್ ಗಾಡಿಗಾಗಿ ವರ್ಷಗಟ್ಟಲೆ ಕಾಯಲಾರದವನು, ಆಗಲೇ ಸರದಿ ಬಂದಿದ್ದವನಿಗೆ ನಿಗದಿಯಾದ ಬೆಲೆಯ ಮೇಲೆ ‘ಪ್ರೀಮಿಯಂ’ ತೆತ್ತು ಗಾಡಿಯನ್ನು ಪಡೆಯುತ್ತಿದ್ದನು, ಹೀಗಾಗಿ ಒಬ್ಬರು ಬಳಸಿದ ಕಾರು ಹೊಸ ಕಾರಿಗಿಂತ ತುಟ್ಟಿಯಾಗುವ ವಿಪರೀತ ಸಂಭವಿಸಿತು. ಚೌಕಾಸಿ ಆಗಲೂ ಇಲ್ಲದಿರಲಿಲ್ಲ. ಆದರೆ ಅದು ಬೆಲೆಯನ್ನು ಇಳಿಸುವುದಕ್ಕಲ್ಲ, ಎಷ್ಟು ಏರಿಸಿ ಕೊಡಬೇಕೆಂಬುದನ್ನು ಗೊತ್ತುಮಾಡುವುದಕ್ಕೆ.

ಮಾರುತಿ ಬಂದಾಗಲೂ ಇದು ತಟ್ಟನೆ ಬದಲಾಗಲಿಲ್ಲ. 1983ರಲ್ಲಿ 10,000 ರೂಪಾಯಿ ಮುಂಗಡವಿಟ್ಟು, ಕಣ್ಣಿನಿಂದಲೂ ನೋಡದ ಗಾಡಿಗೆ ಎರಡು ತಿಂಗಳಲ್ಲಿ ಸುಮಾರು 1,35,000 ಮಂದಿ ಹೆಸರು ಬರೆಸಿದರು. ಆ ವರ್ಷದ ಡಿಸೆಂಬರ್ 14ರಂದು ಮೊದಲ ಗಾಡಿಗಳು ಹೊರಬಿದ್ದವು. ಗಾಡಿ ಚಿಕ್ಕದು, ಬೆಲೆ ಸುಮಾರು ಅರ್ಧ ಲಕ್ಷ. ಆದರೆ ಸಾಲು ಮಾತ್ರ ಹಿಂದಿನಷ್ಟೇ ಉದ್ದ, ಪ್ರೀಮಿಯಂ ಕೂಡ ಹಿಂದಿನಂತೆಯೇ.

1993ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ನಿರ್ಬಂಧ ತೆಗೆದುಹೋದ ತರುವಾಯ ಒಂದೊಂದಾಗಿ ವಿದೇಶೀ ಕಂಪನಿಗಳು ಬಂದವು. 1998ರಲ್ಲಿ ಸ್ಯಾಂಟ್ರೊ, ಮಾಟಿಜ್, ಇಂಡಿಕಾ ಗಾಡಿಗಳು ಒಂದರ ಬೆನ್ನಿಗೊಂದರಂತೆ ರಂಗಕ್ಕಿಳಿಯಲು, ಅದುವರೆಗೆ ಏಕಚ್ಛತ್ರಾಧಿಪತ್ಯ ನಡೆಸುತ್ತಿದ್ದ ಮಾರುತಿಯು ತನ್ನ ಬೆಲೆಯನ್ನು ತಾನಾಗಿಯೇ ಇಳಿಸಿತು. ಮರುವರ್ಷ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆಯೂ ಆರಂಭವಾಯಿತು. ನಮ್ಮಲ್ಲಿ ಹೊಸ ಕಾರಿನ ಚೌಕಾಸಿಯು ಸಾರ್ವತ್ರಿಕವಾದುದು ಆಗಿನಿಂದ ಎನ್ನಬಹುದು.

ಆದರೆ ಚೌಕಾಸಿಗೆ ವಿಷಯವಾಗುವುದು ಯಾವುದು? ಎಕ್ಸ್-ಷೋರೂಂ ಬೆಲೆಯನ್ನು ಸೂಚಿಸುವವರು ತಯಾರಕರು; ಲೈಫ್ ಟ್ಯಾಕ್ಸ್ ಸೇರುವುದು ಸರ್ಕಾರದ ಬೊಕ್ಕಸವನ್ನು, ಅದರಲ್ಲಿ ಯಾರ ದಾಕ್ಷಿಣ್ಯವೂ ಇಲ್ಲ. ಡೀಲರನ ಕೈಯಲ್ಲಿರುವುದು ಅವನ ಲಾಭಾಂಶ, ತಿಂಗಳ ಗುರಿ ಮುಟ್ಟಿದರೆ ಕಂಪನಿ ಕೊಡುವ ಪ್ರೋತ್ಸಾಹಧನ, ವಿಮೆಯಿಂದಲೂ ಸಾಲದಿಂದಲೂ ಬರುವ ಕಮಿಷನ್ನು, ಸೀಟ್ ಕವರು ಮ್ಯಾಟುಗಳಂತಹ ಆಕ್ಸೆಸರೀಸು, ಮತ್ತು ಸರ್ಕಾರದ ಶುಲ್ಕದಂತೆ ತೋರುವ, ಆದರೆ ಅದಲ್ಲದ ‘ಹ್ಯಾಂಡ್ಲಿಂಗ್ ಚಾರ್ಜು’. ಬೆಲೆಯಲ್ಲಿ ಹತ್ತು ಸಾವಿರ ಬಿಟ್ಟೆನೆಂದು ಹೇಳಿ ವಿಮೆಯಲ್ಲಿಯೂ ಎಕ್ಸ್‌ಚೇಂಜಿಗೆ ಕೊಟ್ಟ ಹಳೆಯ ಗಾಡಿಯಲ್ಲಿಯೂ ಅದನ್ನು ಮರಳಿ ಪಡೆಯುವುದು ಈ ವ್ಯಾಪಾರದ ಅತಿ ಸಾಧಾರಣವಾದ ಚಾತುರ್ಯ. ವಿಮೆಯನ್ನು ಡೀಲರನಿಂದಲೇ ಕೊಳ್ಳಬೇಕೆಂಬ ನಿಯಮವಿಲ್ಲವಾದರೂ ಅದನ್ನು ಬಾಯಿಬಿಟ್ಟು ಹೇಳುವವರು ವಿರಳ. ಡಿಸೆಂಬರ್ ಮಾಸದಲ್ಲಿ ರಿಯಾಯಿತಿ ಧಾರಾಳವಾಗುವುದೂ ಔದಾರ್ಯದಿಂದಲ್ಲ. ವರ್ಷ ಉರುಳಿದೊಡನೆ ಅಂಗಳದ ಗಾಡಿಯು ಹಿಂದಿನ ವರ್ಷದ್ದಾಗಿ ಬೆಲೆ ಕಳೆದುಕೊಳ್ಳುವುದೇ ಕಾರಣ.

ಒಂದೇ ಕಂಪನಿಯ ಇಬ್ಬರು ಡೀಲರುಗಳು ತಮ್ಮೊಳಗೆ ಸ್ಪರ್ಧಿಸಿ ರಿಯಾಯಿತಿ ಕೊಡುವುದನ್ನು ಕಂಪನಿಗಳು ಸಹಿಸಲಿಲ್ಲವೆಂಬುದು ಈ ಇತಿಹಾಸದ ಕುತೂಹಲಕರವಾದ ಅಧ್ಯಾಯ. ಮಾರುತಿ ಕಂಪನಿಯು ಗಿರಾಕಿಯ ವೇಷದ ಗೂಢಚಾರರನ್ನು ಷೋರೂಮುಗಳಿಗೆ ಕಳುಹಿಸಿ, ಮಿತಿಮೀರಿ ರಿಯಾಯಿತಿ ಕೊಟ್ಟ ಡೀಲರಿಗೂ ಅವನ ನೌಕರರಿಗೂ ದಂಡ ಹಾಕುತ್ತಿದ್ದಿತೆಂದು ತೀರ್ಮಾನಿಸಿ, ಭಾರತೀಯ ಸ್ಪರ್ಧಾ ಆಯೋಗವು 2021ರ ಆಗಸ್ಟಿನಲ್ಲಿ ಆ ಕಂಪನಿಗೇ 200 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಯು ಮೇಲ್ಮನವಿ ಸಲ್ಲಿಸಿತು. ಒಂದು ಕಾಲಕ್ಕೆ ಬೆಲೆಯನ್ನು ಬಿಗಿಹಿಡಿದ ಪ್ರಭುತ್ವವೇ ಈಗ ಗಿರಾಕಿಯ ಚೌಕಾಸಿಯ ಹಕ್ಕಿಗೆ ಕಾವಲು ನಿಂತಿದೆಯೆಂದರೆ ಕಾಲವು ಎಷ್ಟು ತಿರುಗಿದೆಯೆಂದು ಊಹಿಸಬಹುದು.

ಪೂರ್ತಿ ತಿರುಗಿತೆಂದೂ ಹೇಳಲಾಗದು. ಅದೇ ವರ್ಷದ ಅಕ್ಟೋಬರಿನಲ್ಲಿ ಮಹೀಂದ್ರ ಎಕ್ಸ್‌ಯುವಿ 700 ಗಾಡಿಗೆ ಒಂದು ಗಂಟೆಯೊಳಗೆ 25,000 ಬುಕಿಂಗುಗಳು ಬಂದವು. ಸೆಮಿಕಂಡಕ್ಟರ್ ಚಿಪ್ಪುಗಳ ಅಭಾವದಿಂದ ಹಲವು ಗಾಡಿಗಳಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಅಂತಹವುಗಳ ಮೇಲೆ ಬಿಡಿಗಾಸನ್ನೂ ಯಾರೂ ಬಿಡಲಿಲ್ಲ. ಸರದಿಯ ಸಾಲಿರುವ ಗಾಡಿಗೆ ಚೌಕಾಸಿ ಮಾಡುವುದು ಕಾಲಹರಣ. ಅಂಗಳದಲ್ಲಿ ಧೂಳು ತಿನ್ನುತ್ತ ನಿಂತ ಗಾಡಿಗೆ ಮಾಡದಿರುವುದು ದುಂದು. ಆದುದರಿಂದ ವಾಚಕರು ಹಣ ಕಟ್ಟುವ ಮುನ್ನ ಗಾಡಿ ತಯಾರಾದ ತಿಂಗಳನ್ನು ಕೇಳಿ ತಿಳಿಯಲಿ, ಆನ್-ರೋಡ್ ಬೆಲೆಯ ಒಂದೊಂದು ಬಾಬ್ತನ್ನೂ ಬರೆಸಿಕೊಳ್ಳಲಿ, ಆ ಚೀಟಿಯನ್ನು ಹಿಡಿದು ಅದೇ ಕಂಪನಿಯ ಇನ್ನೊಬ್ಬ ಡೀಲರನ ಬಳಿಗೂ ಹೋಗಿಬರಲಿ.