ಕಾಗದವೂ ಕಾಳಿಯ ನೀರೂ

ಕಾಗದವು ಹುಟ್ಟುವುದು ನೀರಿನಲ್ಲಿ. ಅದರ ಪರಮ ಶತ್ರುವೂ ನೀರೇ. ಇದಕ್ಕೆ ದೂರದ ನಿದರ್ಶನ ಬೇಡ. ಹಿಂದೆ ಹಳಿಯಾಳ ತಾಲ್ಲೂಕಿಗೆ ಸೇರಿದ್ದ ದಾಂಡೇಲಿಯಲ್ಲಿ, 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಸಂಸ್ಥೆಯ ಕಾಗದದ ಕಾರ್ಖಾನೆಯು ಕಾಳಿ ನದಿಯ ದಂಡೆಯ ಮೇಲೆಯೇ ನಿಂತಿದೆ. ಸುತ್ತಲಿನ ಅಡವಿಯ ಬಿದಿರು ಅದರ ಆರಂಭದ ಕಚ್ಚಾವಸ್ತು. ನೀರಿನಲ್ಲಿ ತೇಲುವ ತಿರುಳನ್ನು ಜರಡಿಯ ಮೇಲೆ ಹರಡಿ, ಹಿಂಡಿ, ಒಣಗಿಸಿದರೆ ಅದೇ ಕಾಗದ. ಮಸಿ ಹರಡದಂತೆ ಅದಕ್ಕೆ ಅಂಟು ಅಥವಾ ರಾಳವನ್ನು ಸೇರಿಸುವ ಪದ್ಧತಿ ಹಳೆಯದು. ಆದರೆ ಅದು ನೀರನ್ನು ತಡಮಾಡಿಸುತ್ತದೆಯೇ ಹೊರತು ತಡೆಯುವುದಿಲ್ಲ.

ನಮ್ಮ ಹಿರಿಯರು ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಎದುರಿಸಿದರು. ಓಲೆಗರಿಯ ಮೇಲೆ ಕಂಟದಿಂದ ಅಕ್ಷರವನ್ನು ಕೊರೆದು, ಆ ಗೀರುಗಳಿಗೆ ಮಸಿಯನ್ನು ತುಂಬುತ್ತಿದ್ದರು. ಮಸಿ ತೊಳೆದುಹೋದರೂ ಗೀರು ಉಳಿಯುತ್ತಿತ್ತು. ಮತ್ತೆ ಮಸಿ ತೀಡಿದರೆ ಓದಬಹುದಿತ್ತು. ಫ.ಗು. ಹಳಕಟ್ಟಿಯವರು ಹಸ್ತಪ್ರತಿಗಳನ್ನು ಅರಸಿ ಅಲೆದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಲು ಸಾಧ್ಯವಾದುದು ಇಂತಹ ಓಲೆಗಳು ಉಳಿದುಬಂದುದರಿಂದಲೇ ಅಲ್ಲವೇ? ಹುಣಸೆಬೀಜದ ಅಂಟು ಮತ್ತು ಇದ್ದಿಲನ್ನು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದುದು ಮಾತ್ರ ಒರೆಸಿದರೆ ಅಳಿಯುತ್ತಿತ್ತು.

1966ರಲ್ಲಿ ಮುಂಡಗೋಡದಲ್ಲಿ ನೆಲೆ ಕಂಡ ಟಿಬೆಟ್ಟಿನವರು ತಂದ ಸಂಪ್ರದಾಯವೂ ಗಮನಾರ್ಹವಾದುದು. ಅವರ ಥಂಕಾ ಚಿತ್ರಗಳ ಬಣ್ಣವನ್ನು ಹಿಡಿದಿಡುವುದು ಪ್ರಾಣಿಜನ್ಯ ಅಂಟು. ಅದು ನೀರಿಗೆ ಕರಗುತ್ತದೆ. ಆದುದರಿಂದ ಚಿತ್ರಕ್ಕೆ ಮುಸುಕು ಹೊದಿಸಿ, ಸುರುಳಿ ಸುತ್ತಿ ಇಡುತ್ತಾರೆ. ಬಿಡಿಹಾಳೆಯ ಗ್ರಂಥಗಳನ್ನು ಹಲಗೆಗಳ ನಡುವೆ ಇರಿಸಿ ಬಟ್ಟೆಯಲ್ಲಿ ಕಟ್ಟುತ್ತಾರೆ.

ಇಂದು ನಿಮ್ಮ ಮನೆಯಲ್ಲಿರುವ ಮಕ್ಕಳ ಜಲವರ್ಣ ಚಿತ್ರಕ್ಕೂ ಇದೇ ನ್ಯಾಯ. ಆ ಬಣ್ಣವನ್ನು ಹಿಡಿದಿರುವ ಗೋಂದು ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ. ಇಂಕ್‌ಜೆಟ್ ಯಂತ್ರದಲ್ಲಿ ಅಚ್ಚಾದ ಹಾಳೆಗಳಲ್ಲಿ ಎರಡು ಬಗೆ: ನೀರಿನಲ್ಲಿ ಕರಗುವ ಬಣ್ಣದ ಮಸಿಯದು ಒಂದು ಹನಿಗೇ ಕದಡುತ್ತದೆ, ಸೂಕ್ಷ್ಮ ಕಣಗಳ ಮಸಿಯದು ಹೆಚ್ಚು ತಾಳುತ್ತದೆ. ಅಲಂಕಾರದ ಕಾಗದದ ಕೆಲಸಗಳಿಗೆ ಆಕ್ರಿಲಿಕ್ ವಾರ್ನಿಷನ್ನು ತುಂತುರಾಗಿ, ತೆಳುವಾಗಿ, ಒಂದು ಲೇಪ ಒಣಗಿದ ಮೇಲೆ ಇನ್ನೊಂದರಂತೆ ಹಾಯಿಸಿರಿ. ಕುಂಚದಿಂದ ಬಳಿದರೆ ಬಣ್ಣ ಕಲೆಸಿಹೋದೀತು. ಮೊದಲು ಬೇಡವಾದ ಪ್ರತಿಯ ಮೇಲೆ ಪರೀಕ್ಷಿಸಿರಿ. ಮತ್ತೆ ದೊರೆಯದ ಚಿತ್ರಕ್ಕೆ ಲೇಪ ಬೇಡ. ಗಾಜು ಹಾಳೆಗೆ ತಾಗದಂತೆ ಚೌಕಟ್ಟು ಹಾಕಿಸಿ, ಮಳೆಗಾಲದಲ್ಲಿ ತೇವದ ಗೋಡೆಯಿಂದ ದೂರವಿರಿಸಿರಿ. ಹಾಳೆಗಳು ನೆನೆದು ಅಂಟಿಕೊಂಡಿದ್ದರೆ ಎಳೆಯಬೇಡಿರಿ, ಬಿಸಿಲಿಗೂ ಹಾಕಬೇಡಿರಿ; ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿರಿ.

ಹಿಂದೆ ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಊರು, 1987ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಕೇಂದ್ರವು ಜೋಯಿಡಾಕ್ಕೆ ಬಂದಿತು. ಮನೆಯ ಗೋಡೆಯನ್ನು ಹೊತ್ತು ನಡೆಯಲಾಗದು. ಕಾಗದದ ಕಟ್ಟನ್ನು ಹೊತ್ತು ನಡೆಯಬಹುದು. ಅಜ್ಜನ ಪತ್ರ, ಗುರುಗಳ ಹಸ್ತಾಕ್ಷರ, ಮಗುವಿನ ಮೊದಲ ಚಿತ್ರ ನಿಮ್ಮ ಮನೆಯ ಯಾವ ಮೂಲೆಯಲ್ಲಿವೆ? ಮುಂಗಾರು ಬರುವ ಮೊದಲು ಒಮ್ಮೆ ನೋಡಿರಿ.